ದಿಸ್ ಈಸ್ ಹೌ ಯು ಲೂಸ್ ದ ಟೈಮ್ ವಾರ್
ಕೆನಡಾದ ಅಮಲ್ ಎಲ್-ಮೊಹ್ತಾರ್ ಮತ್ತು ಅಮೆರಿಕದ ಮ್ಯಾಕ್ಸ್ ಗ್ಲ್ಯಾಡ್‌ಸ್ಟನ್ ಜೊತೆಗೂಡಿ ಬರೆದು, 2019ರಲ್ಲಿ ಪ್ರಕಟವಾದ ಇಂಗ್ಲಿಷ್ ವೈಜ್ಞಾನಿಕ ಕಿರುಕಾದಂಬರಿ. ಕಾಲಯುದ್ಧದಲ್ಲಿ, ಅಂದರೆ ಇತಿಹಾಸದ ಕವಲುಗಳನ್ನು ತಮಗೆ ಬೇಕಾದ ಭವಿಷ್ಯದತ್ತ ತಿರುಗಿಸುವ ಹೋರಾಟದಲ್ಲಿ, ಯಂತ್ರಪ್ರಧಾನವಾದ ಏಜೆನ್ಸಿಯ ರೆಡ್ ಮತ್ತು ಜೀವಜಾಲವೇ ಆಗಿರುವ ಗಾರ್ಡನ್‌ನ ಬ್ಲೂ ಎಂಬ ಎದುರಾಳಿ ಬಣಗಳ ಇಬ್ಬರು ಗೂಢಚಾರಿಣಿಯರು, ಪರಸ್ಪರ ಕೆಣಕಲೆಂದು ಆರಂಭಿಸಿದ ಪತ್ರಗಳ ಮೂಲಕವೇ ಪ್ರೇಮಿಗಳಾಗುತ್ತಾರೆ. ಒಡೆಯರ ಕಣ್ಣಿಗೆ ಬೀಳದಂತೆ ಮರದ ವಾರ್ಷಿಕ ಉಂಗುರಗಳಲ್ಲಿಯೂ ಬೀಜಗಳಲ್ಲಿಯೂ ಅಡಗಿಸಿದ ಈ ಪತ್ರಗಳನ್ನು ಓದಲು ಕೆಲವೊಮ್ಮೆ ಅವನ್ನು ತಿನ್ನಬೇಕಾಗುವುದರಿಂದ, ಓದುವ ಕ್ರಿಯೆಯೇ ಇಲ್ಲಿ ಸ್ಪರ್ಶಕ್ಕೆ ಸಮನಾಗುತ್ತದೆ; ಇಬ್ಬರೂ ಮುಖಾಮುಖಿಯಾಗುವುದು ವಿರಳವಾದರೂ ಪ್ರೇಮವು ಇಷ್ಟು ಗಾಢವಾಗಿ ಅನುಭವಕ್ಕೆ ಬರುವುದು ಇದರಿಂದಲೇ. ಎಲ್-ಮೊಹ್ತಾರ್ ಬ್ಲೂಳ ಪತ್ರಗಳನ್ನೂ ಗ್ಲ್ಯಾಡ್‌ಸ್ಟನ್ ರೆಡ್‌ಳ ಪತ್ರಗಳನ್ನೂ ಬರೆದರು. ಕೃತಿಗೆ ನೆಬ್ಯುಲಾ ಪ್ರಶಸ್ತಿಯೂ 2020ರಲ್ಲಿ ಹ್ಯೂಗೊ ಪ್ರಶಸ್ತಿಯೂ ಲಭಿಸಿದವು.