ಇಟ್ಟು ಕುಟ್ಟಬೇಕು!

ಹೋದ ವಾರ ಆಫೀಸಿನ ಗೆಳೆಯನೊಬ್ಬ ಮನೆಯಲ್ಲೇ ಬರ್ಗರ್ ಮಾಡ್ತೀನಿ ಅಂತ ಖೀಮಾ ಮಾಡೋ ಮಷಿನ್ ತಂದ. ಎರಡು ಕಿಲೋ ಮಟನ್ ಒಂದೇ ಸಲ ಅರೆದು ಫ್ರಿಜ್ಜಿನಲ್ಲಿಟ್ಟ. ನಾಲ್ಕನೇ ದಿನ ಮನೆಯೆಲ್ಲ ವಾಸನೆ! ಊರಿಗೆ ಫೋನ್ ಮಾಡಿದಾಗ ಆಯಿಗೆ ಇದನ್ನ ಹೇಳಿದೆ. "ಕುಟ್ಟಿ ಯಾರರ ಇಡ್ತಾರೇನೋ ತಮ್ಮಾ? ಇಟ್ಟು ಕುಟ್ಟಬೇಕು" ಅಂದಳು.

ಆಯಿ ಹೇಳಿದ್ದು ಬರೋಬ್ಬರಿ ಇದೆ. ಇಡೀ ತುಂಡಿನಲ್ಲಿ ಕ್ರಿಮಿಗಳು ಹೆಚ್ಚಾಗಿ ಇರೋದು ಮೇಲ್ಮೈಯಲ್ಲಿ. ಅರೆದರೆ ಒಳಗೆಲ್ಲ ಕಲೆಸಿ ಹೋಗುತ್ತವೆ. ಹಾಗಾಗಿ ಖೀಮಾಕ್ಕೆ ಫ್ರಿಜ್ಜಿನಲ್ಲಿ ಒಂದೆರಡು ದಿನ, ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಮೂರ್ನಾಲ್ಕು ತಿಂಗಳು ಅಷ್ಟೇ. 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಬರ್ಗರಿನಿಂದ ನಾಲ್ಕು ಮಕ್ಕಳು ಸತ್ತರು. ಅಂಗಡಿಯ ಖೀಮಾ ಬೇಡ, ಮನೆಯಲ್ಲೇ ಅರೆಯೋಣ ಅನ್ನೋರಿಗೆ ಇದೂ ಒಂದು ಕಾರಣ.

ಖೀಮಾ ಅನ್ನೋದು ಬಾದಶಾಹಿಗಳು ತಂದ ಅಡುಗೆ ಅಂತ ನಾನೂ ನಂಬಿದ್ದೆ. ವಿಜಯಪುರ ಜಿಲ್ಲೆಯವನಲ್ವೇ :) ಹೆಸರೇನೋ ತುರ್ಕಿಯಿಂದಲೇ ಬಂದದ್ದು, ಅಲ್ಲಿ 'ಕಿಯ್ಮಾ' ಅಂದರೆ ಸಣ್ಣಗೆ ಕೊಚ್ಚಿದ್ದು. ಆದರೆ ಆದಿಲ್‌ಶಾಹಿಗಳು ಬರೋದಕ್ಕೂ ಮುನ್ನೂರೈವತ್ತು ವರ್ಷ ಮೊದಲೇ, 1129ರ ಹೊತ್ತಿಗೆ, ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರೆದ ಮಾಂಸಕ್ಕೆ ಮಸಾಲೆ ಬೆರೆಸಿ ಉಂಡೆ ಕಟ್ಟೋದನ್ನ, ಬದನೆಕಾಯಿಯೊಳಗೆ ತುಂಬೋದನ್ನ ಬರೆದಿದ್ದಾನೆ. ನಮ್ಮ ಇಂಡಿ ಸೀಮೆ ಆಗ ಅವರ ತರ್ದವಾಡಿ ಸಾವಿರಕ್ಕೆ ಸೇರಿತ್ತು. ಅರಸನಿಗೇನು, ದಿನಾ ಬೇಟೆ, ದಿನಾ ಬಾಣಸಿಗ. ಇಡೋ ಚಿಂತೆ ಅವನಿಗೆಲ್ಲಿ?

ಇಡೋ ಚಿಂತೆ ಇದ್ದದ್ದು ನಮ್ಮ ಕೇರಿಗೆ. ಊರಲ್ಲಿ ಸತ್ತ ದನ ಎತ್ತೋದು ನಮ್ಮವರ ಪಾಲಿನ ಕೆಲಸ, ಬಂದರೆ ಒಂದೇ ದಿನ ರಾಶಿ ಮಾಂಸ, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಅದಕ್ಕೇ ಉದ್ದಕ್ಕೆ ಸೀಳಿ ಒಣಗಿಸೋದು. ಭೀಮೆಯ ಆಚೆ ಮರಾಠವಾಡದ ಕೇರಿಗಳಲ್ಲೂ ಹೀಗೇ ಇತ್ತು. ಶಾಹು ಪಾಟೋಳೆಯವರು 2015ರಲ್ಲಿ ಮರಾಠಿಯಲ್ಲಿ ಆ ಅಡುಗೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅರಸನ ಖೀಮಾ ಪುಸ್ತಕಕ್ಕೆ ಏರಿ ಎಂಟುನೂರು ವರ್ಷ ಕಳೆದ ಮೇಲೆ!

1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಿ ಅಂತ ಕರೆ ಕೊಟ್ಟರು. ಆಯಿಯ ತವರು ಸೊಲ್ಲಾಪುರದ ಕಡೆ, ಅವಳ ಅಪ್ಪ ಆ ಮಾತು ಕೇಳಿ ಬಿಟ್ಟರಂತೆ. ಒಣಗಿಸೋದನ್ನ ಮಾತ್ರ ಬಿಡಲಿಲ್ಲ. ಝಳಕಿಯ ನಮ್ಮ ಮನೆಯಲ್ಲಿ ನಾನು ಕಂಡದ್ದು ಜಾತ್ರೆಯ ಆಡಿನ ಮಾಂಸ. ಉಪ್ಪು, ಅರಿಷಿಣ ಸವರಿ, ಅಂಗಳದ ತಂತಿಗೆ ಹಾಕಿ, ಮೂರ್ನಾಲ್ಕು ದಿನ ಬಿಸಿಲು. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಯಾವ ಮಷಿನ್ನೂ ಬೇಡ. ಕಾಗೆ ಕಾಯೋ ಡ್ಯೂಟಿ ನನ್ನದು. ಮಳೆಗಾಲದಲ್ಲಿ ಬೇಕಾದಷ್ಟೇ ತೆಗೆದು, ಹುರಿದು, ಒಳಕಲ್ಲಿನಲ್ಲಿ ಕುಟ್ಟಿ, ಖಾರ ಹಾಕಿ ರೊಟ್ಟಿ ಜೊತೆ... ನೋಡಿ, ಇಟ್ಟು ಕುಟ್ಟೋದು ಅಂದರೆ ಇದೇ.

ಇಂಜಿನಿಯರಿಂಗಿಗೆ ಸೇರಿದಾಗ ಆಯಿ ಅದನ್ನೇ ಡಬ್ಬಿ ತುಂಬಿ ಕೊಟ್ಟಿದ್ದಳು. ಹಾಸ್ಟೆಲಿನಲ್ಲಿ ರೂಮ್‌ಮೇಟ್ ಏನದು ಅಂದ. "ಉಪ್ಪಿನಕಾಯಿ, ಕೆಟ್ಟಿದೆ" ಅಂದೆ. ಅವತ್ತು ರಾತ್ರಿ ಕಸದ ತೊಟ್ಟಿಗೆ ಸುರಿದೆ. ರಜೆಗೆ ಹೋದಾಗ "ಹೆಂಗಿತ್ತೋ?" ಅಂತ ಕೇಳಿದ್ದಳು, ಭಾಳ ಛಲೋ ಇತ್ತು ಅಂದಿದ್ದೆ. ನಿಜ ಇವತ್ತಿಗೂ ಹೇಳಿಲ್ಲ.

ಮೊನ್ನೆ ಫೋನಿನಲ್ಲಿ ಉಪ್ಪು ಎಷ್ಟು ಹಾಕಬೇಕು ಅಂತ ಕೇಳಿದೆ. "ಒಂದು ಹಿಡಿ" ಅಂದಳು. ಯಾರ ಹಿಡಿ? ಅವಳಿಗೀಗ ಎಂಬತ್ತೆರಡು. ಬೇಸಿಗೆಗೆ ಊರಿಗೆ ಹೋಗುವಾಗ ಡಿಜಿಟಲ್ ತಕ್ಕಡಿ ಒಯ್ದು ಅವಳ ಹಿಡಿ ತೂಗಿ ಬರ್ತೀನಿ. ಡಬ್ಬಿಯ ವಿಷಯವನ್ನೂ ಆಗಲೇ ಹೇಳಬೇಕು.

ಅಂದಹಾಗೆ ನಾವು ಇದಕ್ಕೆ ಒಣಖಂಡ ಅಂತೀವಿ. ನಿಮ್ಮ ಕಡೆ ಏನಂತಾರೆ?