ಹೊಸ ಆವೃತ್ತಿಗೆ ದಾಟುವ ಮುನ್ನ: ವಿಡಿಯೋ ಪ್ರಾಜೆಕ್ಟುಗಳ ಮೂರು ದಶಕ

ವಿಡಿಯೋ ಎಡಿಟಿಂಗ್ ಬೆಳೆದು ಬಂದ ಬಗೆಯನ್ನು ಬರೆಯುವವರು ಕ್ಯಾಮೆರಾ ಹೇಗೆ ಬದಲಾಯಿತು, ಸಾಫ್ಟ್‌ವೇರಿಗೆ ಏನೇನು ಹೊಸದು ಬಂತು ಎಂಬಲ್ಲಿಗೆ ಮುಗಿಸಿಬಿಡುತ್ತಾರೆ. ಹಿಂದಿನ ಕೆಲಸವನ್ನು ಹೊಸ ಆವೃತ್ತಿಗೆ ದಾಟಿಸುವುದಕ್ಕೂ ಒಂದು ಚರಿತ್ರೆಯಿದೆ. ಅದರ ಗೋಜಿಗೆ ಹೋದವರು ಕಡಿಮೆ. ಕುಂಬ್ಡಾಜೆ, ಬದಿಯಡ್ಕ, ಮುಳ್ಳೇರಿಯದಂಥ ಕಾಸರಗೋಡಿನ ಊರುಗಳಲ್ಲಿ ಯಕ್ಷಗಾನ ಬಯಲಾಟ, ಭೂತಕೋಲ, ಬ್ರಹ್ಮಕಲಶೋತ್ಸವಗಳನ್ನು ಚಿತ್ರಿಸುವವರಿಗೆ ಇದು ಸಣ್ಣ ಸಂಗತಿಯಲ್ಲ. ಯೂಟ್ಯೂಬಿಗೆ ಹಾಕಿಯಾದ ಮೇಲೆ ಇನ್ನೇನು ಕಾಪಿಡುವುದು ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಅದು ತಪ್ಪು ಮಾತು. ಅಲ್ಲಿರುವುದು ಇನ್ನೊಮ್ಮೆ ಹಿಂಡಿ ಕಿರಿದಾಗಿಸಿದ ಪ್ರತಿ. ಭಾಗವತರ ಪದವನ್ನೂ ಚೆಂಡೆಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದಿದ್ದರೆ ಅಲ್ಲಿ ಅವೆರಡೂ ಬೆರೆತುಹೋಗಿರುತ್ತವೆ. ಎರಡನೆಯ ಕ್ಯಾಮೆರಾ ಕಂಡದ್ದರಲ್ಲಿ ಎಡಿಟರ್ ಆಯದೆ ಬಿಟ್ಟದ್ದೆಲ್ಲ ಇಲ್ಲವಾಗಿರುತ್ತದೆ.

ಆರಂಭದ ಕಾಲವನ್ನು ಬೇಗ ದಾಟಬಹುದು. 1976ರಲ್ಲಿ ವಿಎಚ್‌ಎಸ್ ಬಂದ ಮೇಲೆ ಎರಡು ಯಂತ್ರಗಳನ್ನು ಜೋಡಿಸಿ ಒಂದರಿಂದ ಇನ್ನೊಂದಕ್ಕೆ ಇಳಿಸುವುದೇ ಎಡಿಟಿಂಗ್. ದಾಟಿಸಲು ಪ್ರಾಜೆಕ್ಟ್ ಎಂಬುದೇ ಇರಲಿಲ್ಲ. 1989ರಲ್ಲಿ ಆವಿಡ್, 1991ರಲ್ಲಿ ಅಡೋಬಿ ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರುಗಳು ಬಂದವು. ನಮ್ಮ ಕಡೆ ಕಂಪ್ಯೂಟರಿನ ಎಡಿಟಿಂಗ್ ನೆಲೆಯೂರಿದ್ದು 1995ರ ಡಿವಿ ಕ್ಯಾಸೆಟ್ಟು ಮತ್ತು 2003ರ ಎಡಿಯಸ್ ಸಾಫ್ಟ್‌ವೇರಿನ ಕಾಲಕ್ಕೆ. ಆ ಕಾಲಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಒಂದು ಗಂಟೆಯ ಡಿವಿ ಕ್ಯಾಸೆಟ್ಟು ಹಾರ್ಡ್‌ಡಿಸ್ಕಿನಲ್ಲಿ ಸುಮಾರು 13 ಜಿಬಿ ನುಂಗುತ್ತಿತ್ತು, ಹಾಗಾಗಿ ಕೆಲಸ ಮುಗಿದೊಡನೆ ಅಳಿಸುವುದು ಅನಿವಾರ್ಯವಾಗಿತ್ತು. ಆದರೆ ಕ್ಯಾಸೆಟ್ಟು ಕಪಾಟಿನಲ್ಲೇ ಇರುತ್ತಿತ್ತು. ಪ್ರಾಜೆಕ್ಟ್ ಫೈಲಿನೊಳಗೆ ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ. ಯಾವ ಕ್ಯಾಸೆಟ್ಟಿನ ಎಷ್ಟನೆಯ ಕ್ಷಣದಿಂದ ಎಷ್ಟನೆಯ ಕ್ಷಣದವರೆಗೆ ಎಂಬ ವಿಳಾಸಗಳ ಪಟ್ಟಿ ಮಾತ್ರ. ಆ ಪುಟ್ಟ ಫೈಲೂ ಟೈಮ್‌ಕೋಡ್ ಕೆಡದ ಕ್ಯಾಸೆಟ್ಟೂ ಇದ್ದರೆ ಇಡೀ ಆಟವನ್ನು ಮತ್ತೆ ಕ್ಯಾಪ್ಚರ್ ಮಾಡಿ ಕಟ್ಟಬಹುದಿತ್ತು. ಹಣೆಪಟ್ಟಿಯಲ್ಲಿ ಮೇಳ, ಪ್ರಸಂಗ, ತಾರೀಕು ಬರೆದಿಡುತ್ತಿದ್ದ ಆ ಶಿಸ್ತೇ ನಮ್ಮ ನಿಜವಾದ ಬ್ಯಾಕಪ್ಪಾಗಿತ್ತು. ಮಳೆಗಾಲದ ತೇವಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತಿದ್ದದ್ದು ನಿಜ. ಆದರೂ ಮೂಲ ಎಲ್ಲಿದೆ ಎಂಬ ಸಂಶಯ ಬರುತ್ತಿರಲಿಲ್ಲ.

ಕ್ಯಾಸೆಟ್ಟಿನ ಜಾಗಕ್ಕೆ ಮೆಮೊರಿ ಕಾರ್ಡು ಬಂದಾಗ ಈ ಕಪಾಟೇ ಮಾಯವಾಯಿತು. ನಕಲಿಳಿಸಿದ ಕಾರ್ಡನ್ನು ಮರುದಿನದ ಮದುವೆಗೆ ಫಾರ್ಮ್ಯಾಟ್ ಮಾಡಲೇಬೇಕು. 2006ರಲ್ಲಿ ಬಂದ ಎವಿಸಿಎಚ್‌ಡಿ ಇನ್ನೊಂದು ತೊಡಕು ತಂದಿತು: ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಫೈಲಿನ ಹೆಸರು ಮತ್ತೆ 00000ದಿಂದ ಶುರುವಾಗುತ್ತದೆ. ಮೂರು ಕಾರ್ಡುಗಳ 00001 ಎಂಬ ಮೂರು ಫೈಲುಗಳಿದ್ದಾಗ ಡಿಸ್ಕ್ ಬದಲಿಸಿ ಪ್ರಾಜೆಕ್ಟ್ ತೆರೆದರೆ, ಚೌಕಿಪೂಜೆ ಇರಬೇಕಾದಲ್ಲಿ ಮಹಿಷಾಸುರ ಬಂದು ನಿಲ್ಲಬಹುದು. ಉದ್ದದ ಶಾಟು ತುಂಡುತುಂಡಾಗಿ ಕೂರುವುದರಿಂದ, ಕಾರ್ಡಿನ ಪೂರ್ತಿ ಫೋಲ್ಡರನ್ನು ಬಿಟ್ಟು ವಿಡಿಯೋ ಫೈಲನ್ನಷ್ಟೇ ಎತ್ತಿಕೊಂಡರೆ ಬೆಸುಗೆಯಲ್ಲಿ ಧ್ವನಿ ಒಂದೆರಡು ಫ್ರೇಮು ತಪ್ಪುತ್ತದೆ. ಮದುವೆಯ ಗದ್ದಲದಲ್ಲಿ ಅದು ಕೇಳಿಸದು. ಚೆಂಡೆಯ ಉರುಳಿಕೆಯಲ್ಲಿ ತಾಳ ಬಲ್ಲವನಿಗೆ ಕೂಡಲೇ ಗೊತ್ತಾಗುತ್ತದೆ.

ಇಷ್ಟರ ಮೇಲೆ ಆವೃತ್ತಿ ಬದಲಾವಣೆ. 2011ರ ಜೂನಿನಲ್ಲಿ ಬಂದ ಫೈನಲ್ ಕಟ್ ಪ್ರೊ ಹತ್ತು, ತನ್ನದೇ ಏಳನೆಯ ಆವೃತ್ತಿಯ ಪ್ರಾಜೆಕ್ಟುಗಳನ್ನು ತೆರೆಯಲಾರದೆ ಹೋದಾಗ ಜಗತ್ತಿನಾದ್ಯಂತ ಎಡಿಟರುಗಳು ಕಂಗಾಲಾದರು. ಪ್ರೀಮಿಯರ್ ಹಳೆಯ ಪ್ರಾಜೆಕ್ಟಿನ ಹೊಸ ಪ್ರತಿ ಮಾಡಿಕೊಳ್ಳುತ್ತದೆ, ಮೂಲ ಉಳಿಯುತ್ತದೆ. ಡಾವಿಂಚಿ ರಿಸಾಲ್ವ್ ಹಾಗಲ್ಲ: ದೊಡ್ಡ ಆವೃತ್ತಿಗೆ ಹೋಗುವಾಗ ಡೇಟಾಬೇಸನ್ನೇ ಮೇಲ್ದರ್ಜೆಗೇರಿಸಿದರೆ ಅದರೊಳಗಿನ ಎಲ್ಲ ಪ್ರಾಜೆಕ್ಟುಗಳೂ ಒಟ್ಟಿಗೆ ಹೊಳೆ ದಾಟುತ್ತವೆ, ಹಳೆಯ ಆವೃತ್ತಿಗೆ ಮರಳಲಾರವು. ಡೇಟಾಬೇಸಿನ ನಕಲು ಮೊದಲೇ ತೆಗೆದಿಡಬೇಕಾದ್ದು ಇದಕ್ಕೆ. ಹಳೆಯ ಕಂಪ್ಯೂಟರನ್ನೇ ಮುಟ್ಟದೆ ಇಟ್ಟರಾಯಿತಲ್ಲ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ತುಲಾ ತಿಂಗಳ ಒಂದು ಸಿಡಿಲು ಸಾಕು ಅದನ್ನು ಮುಗಿಸಲು. ಖರ್ಚಿನ ಆಕ್ಷೇಪ ಹೆಚ್ಚು ಗಟ್ಟಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರ ಗಂಟೆಗೆ 45 ಜಿಬಿ. ಎಂಟು ಗಂಟೆಯ ಆಟಕ್ಕೆ ಒಂದೇ ಕ್ಯಾಮೆರಾದಿಂದ 360 ಜಿಬಿ. ಎಲ್ಲವನ್ನೂ ಇಡುವುದು ಸಣ್ಣ ಸ್ಟುಡಿಯೋಗೆ ಆಗದು. ಆಗ ಎಡಿಯಸ್‌ನ ಕನ್ಸಾಲಿಡೇಟ್, ಪ್ರೀಮಿಯರ್‌ನ ಪ್ರಾಜೆಕ್ಟ್ ಮ್ಯಾನೇಜರ್ ನೆರವಿಗೆ ಬರುತ್ತವೆ: ಬಳಸಿದ ಫೈಲುಗಳನ್ನಷ್ಟೇ ಒಂದೇ ಕಡೆ ಕೂಡಿಸಬಹುದು. ಅದನ್ನು ಎರಡು ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿ, ವಿದ್ಯುತ್ತಿನಿಂದ ಕಳಚಿ ಇಡಬೇಕು. ಕೂಡಿಸಿದ್ದನ್ನು ಮೂಲ ಡಿಸ್ಕ್ ತೆಗೆದಿಟ್ಟು ಒಮ್ಮೆ ತೆರೆದು ನೋಡದಿದ್ದರೆ ಆ ಕೆಲಸ ಅರ್ಧವಷ್ಟೇ ಆದಂತೆ.

ಇಂಗ್ಲಿಷಿನ ಮಾರ್ಗದರ್ಶಿಗಳಿಗೆ ಕಾಣದ ಒಂದು ನಷ್ಟ ಕನ್ನಡದ್ದೇ. ನುಡಿ, ಬರಹದ ಹಳೆಯ ಫಾಂಟುಗಳು ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಆ ಫಾಂಟಿಲ್ಲದ ಹೊಸ ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೆರೆದರೆ ಭಾಗವತರ, ವೇಷಧಾರಿಗಳ, ಸೇವಾಕರ್ತರ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಮೂಡುತ್ತದೆ. ಯೂನಿಕೋಡಿನಲ್ಲಿದ್ದರೂ ಪ್ರೀಮಿಯರಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಒಡೆಯುತ್ತದೆ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಎಕ್ಸ್‌ಎಂಎಲ್ ಮೂಲಕ ದಾಟಿಸುವಾಗ ಕತ್ತರಿಸಿದ ಜಾಗಗಳು ಬರುತ್ತವೆ, ಶೀರ್ಷಿಕೆಗಳು ಬಹುಪಾಲು ಬರುವುದಿಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಯಾವ ವೇಷ ಯಾರದೆಂಬ ಗುರುತು ಎಷ್ಟೋ ಸಲ ಉಳಿದಿರುವುದು ಆ ಶೀರ್ಷಿಕೆಯಲ್ಲಿ ಮಾತ್ರ. ಆದ್ದರಿಂದ ಪ್ರಾಜೆಕ್ಟಿನ ಫೋಲ್ಡರಿನೊಳಗೆ ಬಳಸಿದ ಫಾಂಟುಗಳು, ಶೀರ್ಷಿಕೆಯಿಲ್ಲದ ಒಂದು ಪೂರ್ಣ ಪ್ರತಿ, ಜತೆಗೆ ಯೂನಿಕೋಡ್ ಕನ್ನಡದಲ್ಲಿ ಟೈಪು ಮಾಡಿದ ಒಂದು ಸಾದಾ ಪಠ್ಯ ಫೈಲು ಇರಬೇಕು: ಪ್ರಸಂಗ, ಮೇಳ, ಊರು, ತಾರೀಕು, ಹಿಮ್ಮೇಳ, ಮುಮ್ಮೇಳ. ಹಿಂದೆ ಕ್ಯಾಸೆಟ್ಟಿನ ಹಣೆಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದದ್ದು ಇದನ್ನೇ.