ಕ್ಷಾಮವೂ ದೈವಸಂಕಲ್ಪವೂ

“ಎಲ್ಲಕ್ಕೂ ಒಂದು ಕಾರಣವುಂಟು” ಎಂದು ಶೋಕಗ್ರಸ್ತರಿಗೆ ಸಮಾಧಾನ ಹೇಳುವುದು ವಾಡಿಕೆ. ಈ ಮಾತನ್ನು ನಮ್ಮ ಸೀಮೆಯ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸೋಣ.

1876ರಲ್ಲಿ ಮಳೆ ಹೋಯಿತು. ಬೀಳಗಿಯನ್ನೊಳಗೊಂಡ ಅಂದಿನ ಕಲಾದಗಿ ಜಿಲ್ಲೆಯೂ ನೆರೆಯ ಜಮಖಂಡಿ, ಮುಧೋಳ ಸಂಸ್ಥಾನಗಳೂ 1878ರವರೆಗೆ ಘೋರ ಕ್ಷಾಮಕ್ಕೆ ತುತ್ತಾದವು. ದೇಶದಲ್ಲಿ ಮಡಿದವರು 50 ಲಕ್ಷಕ್ಕೂ ಅಧಿಕವೆಂದು ಇತಿಹಾಸಕಾರರ ಅಂದಾಜು. ಪೆಸಿಫಿಕ್ ಸಾಗರದ ನೀರು ಕಾಯ್ದುದರಿಂದ ಮುಂಗಾರು ಕುಗ್ಗಿತೆಂದು ಇಂದಿನ ವಿಜ್ಞಾನಿಗಳು ತಿಳಿಸುತ್ತಾರೆ. ಜನ ಹಸಿದಿದ್ದಾಗಲೂ ಗೋಧಿ ಇಂಗ್ಲೆಂಡಿಗೆ ರಫ್ತಾಗುತ್ತಲೇ ಇದ್ದಿತು. ಹೀಗೆ ಒಂದು ಕಾರಣ ಪ್ರಕೃತಿಯದು, ಇನ್ನೊಂದು ಮನುಷ್ಯನದು.

ಆದರೆ ಕಾರಣ ಬೇರೆ, ದೇವರ ಉದ್ದೇಶ ಬೇರೆ. ಹಸಿವಿನಿಂದ ಅಸುನೀಗಿದ ಕೂಸು ಯಾವ ಪಾಪದ ಫಲವನ್ನುಂಡಿತು? ಸಿಲೋವಾಮಿನ ಗೋಪುರ ಕುಸಿದು ಸತ್ತ 18 ಮಂದಿ ಇತರರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಪ್ರಭು ಯೇಸುಕ್ರಿಸ್ತರೇ ನುಡಿದುದನ್ನು ಸಂತ ಲೂಕರು ದಾಖಲಿಸಿದ್ದಾರೆ. ದೇವರು ಕೇಡಿನಿಂದಲೂ ಒಳಿತನ್ನು ಹೊರತರಬಲ್ಲರೆಂದು ಸಂತ ಅಗಸ್ಟೀನರು ಬೋಧಿಸಿದರು. ಅದರರ್ಥ ಕೇಡೇ ಒಳ್ಳೆಯದೆಂದಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ಹಳ್ಳಿಗಳನ್ನು ಹೊಕ್ಕಾಗಲೂ “ಏಕೆ?” ಎಂಬ ಪ್ರಶ್ನೆ ಎದ್ದಿತು. ಪ್ರಿಯ ಬಾಂಧವರೇ, ನೊಂದವರ ಮನೆಗೆ ಹೋದಾಗ ನಾವು ಕಾರಣ ಹೇಳುವ ಆತುರ ತೋರದಿರೋಣ. ರೊಟ್ಟಿಯ ಬುತ್ತಿಯೊಡನೆ ಹೋಗಿ ಬಳಿಯಲ್ಲಿ ಕುಳಿತಿರೋಣ. ಕೇಡಿನಿಂದ ಒಳಿತು ಹುಟ್ಟುವ ದಾರಿಗಳಲ್ಲಿ ಅದೂ ಒಂದು.